ನೀರು ಇಳಿದ ಹೊತ್ತಿಗೆ ಬಂದ ಅತಿಥಿಗಳು

ಪಂಡಾನ್
೯ ಫೆಬ್ರವರಿ ೨೦೧೪

ನಫೀಸಾ ಮಗಳೇ,

ನಿನಗೆ ಸಲಾಮು, ಜಕಾರ್ತಾದ ನಾಲ್ಕನೇ ಮಹಡಿಯ ನಿನ್ನ ಕೋಣೆಗೂ ಸಲಾಮು. ಅಷ್ಟು ಎತ್ತರಕ್ಕೆ ಯಾವ ಸಮುದ್ರವೂ ಹತ್ತಲಾರದು ಎಂಬುದೊಂದು ನನಗೆ ಸಮಾಧಾನ.

ಫೋನು ಮಾಡದೆ ಕಾಗದ ಯಾಕೆ ಎಂದು ನೀನು ಬೈಯುತ್ತೀಯ. ಫೋನು ಅಕ್ಕಿ ಡಬ್ಬದಲ್ಲಿ ಮಲಗಿದೆ. ಉಪ್ಪುನೀರು ಕುಡಿದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಬದುಕಿಕೊಳ್ಳುತ್ತದೆ ಎಂದು ಪಕ್ಕದ ಮನೆಯ ಕರೊಮಾ ಹೇಳಿದ್ದಳು. ಅದು ಬದುಕಲಿಲ್ಲ, ಅಕ್ಕಿ ಮಾತ್ರ ಉಪ್ಪಾಯಿತು. ಅದೂ ಅಲ್ಲದೆ ಫೋನಿನಲ್ಲಿ ನೀನು "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ" ಎನ್ನುತ್ತ ಬೇರೇನನ್ನೋ ಓದುತ್ತಿರುತ್ತೀಯ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ಕೂರಲೇಬೇಕು. ನಿನ್ನ ಶಾಲೆಯ ಹಳೇ ಪುಸ್ತಕಗಳಿಂದ ಅಕ್ಷರ ಕಲಿತವಳು ನಾನು. ತಪ್ಪುಗಳಿದ್ದರೆ ಅವು ನಿನ್ನ ಪುಸ್ತಕದವು.

ಮನೆಯ ನೆಲವನ್ನು ಮತ್ತೆ ಎತ್ತಿದೆವು. ಗೋಡೆ, ಮಾಡು ಇದ್ದಷ್ಟೇ ಇವೆ, ನೆಲ ಮಾತ್ರ ಮೇಲೇರಿದೆ. ಮುಂಬಾಗಿಲು ಈಗ ನನ್ನ ಎದೆಯ ಮಟ್ಟ. ನಿನ್ನ ದೊಡ್ಡಪ್ಪ ಬಲೆ ಹೊತ್ತುಕೊಂಡು ಒಳಗೆ ಬರುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡು, ನಗುತ್ತ ಹೇಳಿದರು: "ನೋಡೇ ಜುವರಿಯಾ, ಇನ್ಮೇಲೆ ನಮ್ಮನೆಗೆ ರಾಷ್ಟ್ರಪತಿ ಬಂದ್ರೂ ತಲೆ ಬಗ್ಗಿಸ್ಲೇಬೇಕು."

ಊರಿನ ಮನೆಗಳಲ್ಲೆಲ್ಲ ಸಮುದ್ರಕ್ಕೆ ಹತ್ತಿರದ್ದು ನಮ್ಮದು. ಎತ್ತಿ ಎತ್ತಿ, ಊರಿನಲ್ಲೆಲ್ಲ ಗಟ್ಟಿಯಾದ ನೆಲವೂ ನಮ್ಮದೇ ಆಗಿದೆ. ಆದರೂ ದೊಡ್ಡ ಉಬ್ಬರಕ್ಕೆ ನೀರು ಹೊಸ್ತಿಲು ದಾಟುತ್ತದೆ. ನಿನ್ನಮ್ಮ ನಿನ್ನನ್ನು ಹೆತ್ತ ಕೋಣೆಯಲ್ಲಿ ಆಗ ಏಡಿ ಓಡಾಡುತ್ತವೆ. ಕರೊಮಾಳ ಮನೆಯಲ್ಲಂತೂ ಮಂಚದ ಕೆಳಗೆ ದಿನಾ ನೀರು.

ಈಗ ಸುದ್ದಿ ಕೇಳು. ಕಡಲಿಗೆ ತಡೆಗೋಡೆ ಬರುತ್ತದಂತೆ. ನಮ್ಮ ಊರ ಮುಖ್ಯಸ್ಥ ಪಾಕ್ ರೊಖಿಮ್ ಹೇಳಿದರು. ಅದಕ್ಕೆ ಮೊದಲು ಯಾರೋ ಬಂದು ನಮ್ಮ ಅಭಿಪ್ರಾಯ ಕೇಳುತ್ತಾರಂತೆ! ಇಷ್ಟು ವರ್ಷ ಸಮುದ್ರ ಯಾರನ್ನೂ ಕೇಳದೆ ಒಳಗೆ ಬಂತು. ಕೇಳಿಕೊಂಡು ಬರುವವರನ್ನು ನೋಡಲು ನನಗೂ ಆಸೆಯೇ.

ಗೋಡೆ ಬಂದರೆ ನೆಲ ಎತ್ತುವುದು ತಪ್ಪುತ್ತದೆ. ಬಾಗಿಲನ್ನು ಮತ್ತೆ ದೊಡ್ಡದು ಮಾಡಿಸಬೇಕು. ಸಾಯುವುದರೊಳಗೆ ಒಮ್ಮೆ ನನ್ನ ಮನೆಯೊಳಗೆ ನಾನು ತಲೆಯೆತ್ತಿಕೊಂಡು ಹೋಗಬೇಕು. ಇಷ್ಟೇ ನನ್ನ ಅಭಿಪ್ರಾಯ.

ಹೊಟ್ಟೆ ತುಂಬ ಉಣ್ಣು.

ನಿನ್ನ ದೊಡ್ಡಮ್ಮ
ಜುವರಿಯಾ


ಜಕಾರ್ತಾ
೨೧ ಫೆಬ್ರವರಿ ೨೦೧೪

ದೊಡ್ಡಮ್ಮ,

ನಿಮ್ಮ ಕಾಗದ ಓದಿ ನಕ್ಕೆ, ಆಮೇಲೆ ಗೋಡೆಯ ಸುದ್ದಿಯನ್ನು ಇನ್ನೊಮ್ಮೆ ಓದಿದೆ. ನಿಮಗೊಂದು ವಿಷಯ ಹೇಳಿರಲಿಲ್ಲ. ಕೆಲಸ ಕಾಯಂ ಆಗಲಿ ಎಂದು ಕಾಯುತ್ತಿದ್ದೆ. ಆ ಗೋಡೆಯ ಬಗ್ಗೆ ಜನರ ಮಾತು ಕೇಳಿ ವರದಿ ಮಾಡುವ ಕೆಲಸ ಸಿಕ್ಕಿರುವುದು ನಮ್ಮ ಕಚೇರಿಗೇ.

ಸ್ವಂತ ಊರಿಗೆ ನಮ್ಮನ್ನು ಕಳಿಸುವ ಹಾಗಿಲ್ಲ. ನನ್ನ ಸಹೋದ್ಯೋಗಿ ಗಿಲಾಂಗ್ ಮತ್ತು ಎಂಜಿನಿಯರ್ ಪಾಕ್ ಹೆರ್ಲಾಂಬಾಂಗ್ ಮಾರ್ಚಿನಲ್ಲಿ ಬರುತ್ತಾರೆ. ಇಬ್ಬರೂ ಒಳ್ಳೆಯವರು. ಗೋಡೆ ಎಲ್ಲಿ ಹಾಯಬೇಕು ಎನ್ನುವುದು ಇನ್ನೂ ಗಟ್ಟಿಯಾಗಿಲ್ಲ. ನೀವು ತೋರಿಸಿದ್ದನ್ನು, ಹೇಳಿದ್ದನ್ನು ಅವರು ಬರೆದುಕೊಳ್ಳುತ್ತಾರೆ. ಆದ್ದರಿಂದ ಎಲ್ಲವನ್ನೂ ತೋರಿಸಿ ದೊಡ್ಡಮ್ಮ, ಏನನ್ನೂ ಮುಚ್ಚಿಡಬೇಡಿ.

ದೊಡ್ಡಪ್ಪನ ಹಣೆಗೆ ಅರಿಶಿನ ಹಚ್ಚಿ.

ನಿಮ್ಮ
ನಫೀಸಾ


ಪಂಡಾನ್
೧೮ ಮಾರ್ಚ್ ೨೦೧೪

ನಫೀಸಾ ಮಗಳೇ,

ಸಭೆ ಮುಗಿಯಿತು. ಇಂಥ ಸಭೆಯನ್ನು ಈ ತೀರದಲ್ಲಿ ಯಾರೂ ಮಾಡಿಲ್ಲ. ನಿನ್ನ ಕಚೇರಿಯವರು ಬರುತ್ತಾರೆಂದ ಮೇಲೆ ನಿನ್ನ ಮುಖ ಉಳಿಸದೆ ಇರುತ್ತೇವೆಯೇ?

ಪಾಕ್ ರೊಖಿಮ್ ಲಾರಿಯಲ್ಲಿ ಮಣ್ಣು ತರಿಸಿ, ಹೆದ್ದಾರಿಯಿಂದ ನಮ್ಮನೆಯ ತನಕ ದಾರಿಯುದ್ದಕ್ಕೂ ಹರಡಿಸಿದರು. ನೀರು ಪೂರ್ತಿ ಇಳಿದಿರುವ ಹೊತ್ತು ನೋಡಿ, ಬೆಳಿಗ್ಗೆಯೇ ಬನ್ನಿ ಎಂದು ಹೇಳಿಕಳಿಸಿದರು. ಒದ್ದೆ ಹಾಸಿಗೆಗಳನ್ನೆಲ್ಲ ಹೆಂಗಸರು ಮನೆಗಳ ಹಿಂದೆ ಸಾಗಿಸಿದರು. ಬೇಲಿಗೆ ಸುಣ್ಣ ಬಳಿದರು. ನಮ್ಮ ನೆಲ ಎತ್ತರವಾಗಿ ಚೊಕ್ಕಟವಾಗಿದೆ ಎಂದು ಸಭೆ ನಮ್ಮನೆಯಲ್ಲೇ ಆಯಿತು. ಹೊಗೆ ಹಾಕಿದ ತೊರಕೆ ಮೀನಿಗೆ ತೆಂಗಿನಹಾಲು ಹಿಂಡಿ ಸಾರು ಮಾಡಿದ್ದೆ. ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನ, ಕರಿದ ಬಾಳೆಹಣ್ಣು, ಕಾಫಿ. ಗಿಲಾಂಗ್ ಮೂರು ಸಲ ಬಡಿಸಿಕೊಂಡ. ಆ ಹುಡುಗನಿಗೆ ಮದುವೆಯಾಗಿದೆಯೇ?

ಪಾಕ್ ಹೆರ್ಲಾಂಬಾಂಗ್ ತಲೆ ನರೆತ ಮನುಷ್ಯ, ಮಾತು ಮೆತ್ತಗೆ. ಮೆಟ್ಟಿಲಲ್ಲಿ ಬಿಚ್ಚಿಟ್ಟ ಅವರ ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು, ಹಾಗೇ ಹೊಳೆಯುತ್ತ ವಾಪಸು ಹೋಯಿತು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಒಂದು ಊರಿಗೆ ಏನು ಬೇಕು?

"ನೀರಿನ ತೊಂದರೆ ಹೇಗಿದೆ?" ಎಂದು ಕೇಳಿದರು.

ಪಾಕ್ ರೊಖಿಮ್ ಕೈ ಮುಗಿದು, "ಅಲ್ಹಮ್ದುಲಿಲ್ಲಾ, ಸ್ವಲ್ಪ ಬರುತ್ತೆ ಸ್ವಾಮಿ. ಅಭ್ಯಾಸ ಆಗಿಬಿಟ್ಟಿದೆ" ಅಂದರು. ಎಲ್ಲರೂ ನಕ್ಕೆವು. ಉಣ್ಣುತ್ತ ಕೂತ ಅತಿಥಿಯ ಮುಂದೆ ಗೋಳಾಡಲು ಆಗುತ್ತದೆಯೇ? ಕರೊಮಾ ಮಾತ್ರ "ನಮ್ಮನೆ ಮಂಚ..." ಎಂದು ಶುರು ಮಾಡಿದಳು. ನಾನು ಅವಳ ತೊಡೆ ಚಿವುಟಿ, "ಬಾಳೆಹಣ್ಣು ತಗೋ ಕರೊಮಾ" ಅಂದೆ.

ನೆಲದ ಮೇಲೆ ನಕ್ಷೆ ಹಾಸಿದರು. ಕೆಂಪು ಗೆರೆ ಗೋಡೆಯಂತೆ. ನಾವು ಕೂತ ಕಡೆಯಿಂದ ಅದು ತಲೆಕೆಳಗು. ಗಾಳಿಗೆ ಹಾರದಿರಲೆಂದು ನಾನು ಅದರ ಮೇಲೆ ಕರಿದ ಬಾಳೆಹಣ್ಣಿನ ತಟ್ಟೆ ಇಟ್ಟೆ. ಎಲ್ಲರೂ ತಲೆದೂಗಿದೆವು.

ಪಶ್ಚಿಮಕ್ಕಿರುವ ಗೆಬಾಂಗ್ ಊರಿನವರ ಕಥೆ ಕೇಳಿದೆಯಾ? ಸುಡು! ಉಬ್ಬರದ ಹೊತ್ತಿಗೇ ಇದೇ ಅಧಿಕಾರಿಗಳನ್ನು ಕರೆಸಿ, ಬೂಟು ಬಿಚ್ಚಿಸಿ, ಸೊಂಟದ ತನಕ ನೀರಿಗಿಳಿಸಿ ಅಡುಗೆಮನೆಯೊಳಗೆ ನಡೆಸಿದರಂತೆ. ಒಂದು ಲೋಟ ಚಹಾ ಇಲ್ಲ. ತರ್ನಿ ಎಂಬ ಮುದುಕಿ ಒದ್ದೆ ಹಾಸಿಗೆ ತಂದು ಅವರ ಮುಖದ ಮುಂದೆಯೇ ಹಿಂಡಿದಳಂತೆ. ನಿನ್ನ ದೊಡ್ಡಪ್ಪ ಅದನ್ನು ನಟಿಸಿ ತೋರಿಸಿ ಊರನ್ನೆಲ್ಲ ನಗಿಸಿದರು. ಮಾನಗೆಟ್ಟ ಜನ.

ನಿನ್ನ ಕಚೇರಿಯಲ್ಲಿ ನಮ್ಮ ಬಗ್ಗೆ ಏನಂದರು? ಬರೆ.

ನಿನ್ನ ದೊಡ್ಡಮ್ಮ
ಜುವರಿಯಾ


ಪಂಡಾನ್
೨೭ ಏಪ್ರಿಲ್ ೨೦೧೪

ನಫೀಸಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲು ಆಗದಿದ್ದರೆ ಯಾರಿಂದಲಾದರೂ ಓದಿಸಿಕೊ.

ನಿನ್ನೆ ಮೂವರು ಗಂಡಸರು ಬಿದಿರಿನ ಗೂಟಗಳನ್ನು ಹೊತ್ತು ಬಂದರು. ಗೂಟದ ತಲೆಗೆ ಕೆಂಪು ಬಣ್ಣ. ಊರ ಹಿಂದೆ, ಮಸೀದಿಯ ಆಚೆ, ಹೆದ್ದಾರಿಯ ಅಂಚಿನಲ್ಲಿ ಒಂದೊಂದಾಗಿ ನೆಡುತ್ತ ಹೋದರು. ಬಿಸಿಲಿತ್ತು. ಪಾಪ ಎನಿಸಿ ಚಹಾ ತೆಗೆದುಕೊಂಡು ಹೋದೆ.

"ಏನಕ್ಕಪ್ಪಾ ಇದು? ರಸ್ತೆಗಾ?"

"ಅಲ್ಲಮ್ಮಾ. ಕಡಲ ಗೋಡೆಗೆ."

ನನಗೆ ನಗು ಬಂತು. "ಕಡಲು ಆ ಕಡೆ ಇದೆ ಕಣೋ! ಊರಿಗೆ ಬಂದೋರು ಊರಿಗೇ ಬೆನ್ನು ಹಾಕಿ ನಿಂತಿದ್ದೀರಲ್ಲ!"

ಅವನು ನಗಲಿಲ್ಲ. ಲೋಟವನ್ನೇ ನೋಡುತ್ತ ನಿಂತ. ಆಮೇಲೆ, "ಅಮ್ಮಾ, ನಿಮ್ಮ ಊರು ಹೊರಗೆ" ಅಂದ.

ನಾನು ಏನು ಹೇಳಿದೆನೋ ನೆನಪಿಲ್ಲ. ಲೋಟಗಳನ್ನು ವಾಪಸು ತರದೆ ಬಂದೆ, ಅಷ್ಟು ಗೊತ್ತು.

ಪಾಕ್ ರೊಖಿಮ್ ಓಡಿ ಬಂದರು, ಊರೇ ಓಡಿ ಬಂತು. ಯಾರೂ ಕೂಗಾಡಲಿಲ್ಲ ನಫೀಸಾ. ಕೂಗಾಡಿದ್ದರೆ ವಾಸಿಯಿತ್ತು. ಎಲ್ಲರೂ ಆ ಗೂಟಗಳನ್ನು ನೋಡುತ್ತ, ತಿರುಗಿ ತಮ್ಮ ತಮ್ಮ ಮಾಡು ನೋಡುತ್ತ ನಿಂತರು. ನಿನ್ನ ದೊಡ್ಡಪ್ಪ ಗೂಟಗಳ ನಡುವೆ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಇಟ್ಟು, "ಈ ಕಡೆ ದೇಶ, ಆ ಕಡೆ ಮೀನು. ನಾವು ಮೀನಿನ ಲೆಕ್ಕಕ್ಕೆ" ಅಂದರು. ತಮಾಷೆ ಮಾಡಲು ಹೊರಟದ್ದು. ಕೊನೆಯ ಮಾತು ಬರುವಷ್ಟರಲ್ಲಿ ಅವರ ದವಡೆ ಅದುರುತ್ತಿತ್ತು. ಮದುವೆಯಾದಾಗಿನಿಂದ ಅವರ ಮುಖ ಹಾಗಾದದ್ದನ್ನು ನಾನು ನೋಡಿದ್ದು ನಿನ್ನಮ್ಮ ಸತ್ತ ದಿನ ಮಾತ್ರ.

ಈಗ ಬರುವ ನೀರು ಒಳಗೆ ಹೋಗಿ ಗದ್ದೆ, ಹೊಂಡಗಳಲ್ಲಿ ಹರಡಿಕೊಳ್ಳುತ್ತದೆ. ಬೆನ್ನಿಗೆ ಗೋಡೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ? ನಮ್ಮ ಮೇಲೇ ನಿಲ್ಲುತ್ತದೆ. ಇದಕ್ಕೆ ಎಂಜಿನಿಯರ್ ಬೇಕಿಲ್ಲ.

ಇನ್ನೊಂದು ಹೇಳುತ್ತೇನೆ. ಆ ಗೂಟಗಳು ಗೆಬಾಂಗ್ ಹತ್ತಿರ ಹೋದ ಕೂಡಲೇ ಸಮುದ್ರದ ಕಡೆ ತಿರುಗಿವೆ. ಮಗುವನ್ನು ತೋಳಿನಲ್ಲಿ ಬಳಸಿಕೊಂಡ ಹಾಗೆ ಇಡೀ ಗೆಬಾಂಗನ್ನು ಬಳಸಿಕೊಂಡು ಮತ್ತೆ ಹೆದ್ದಾರಿಗೆ ಬಂದಿವೆ.

ಅವರಿಗೆ ಅನ್ನ ಹಾಕಿದವರು ನಾವು. ಯಾಕೆ ಹೀಗೆ? ನಿನಗೆ ಗೊತ್ತಿತ್ತೇ?

ಜುವರಿಯಾ


ಜಕಾರ್ತಾ
೫ ಮೇ ೨೦೧೪

ದೊಡ್ಡಮ್ಮ,

ಗೊತ್ತಿರಲಿಲ್ಲ. ಅಲ್ಲಾಹನಾಣೆ. ಆದರೆ ಗೊತ್ತಾಗಬೇಕಿತ್ತು.

ವರದಿಯಲ್ಲಿ ನಮ್ಮ ಊರಿಗೆ ಒಂದು ಪುಟವಿದೆ. ಊರು ಒಣಗಿದೆ, ದಾರಿ ಚೆನ್ನಾಗಿದೆ, ಮನೆಗಳು ಎತ್ತರದಲ್ಲಿವೆ, ನೀರು ಅಲ್ಪಸ್ವಲ್ಪ ಬರುತ್ತದೆಂದೂ ಅದು ಅಭ್ಯಾಸವಾಗಿದೆಯೆಂದೂ ಜನರೇ ಹೇಳುತ್ತಾರೆ, ನಕ್ಷೆಗೆ ಯಾರ ಆಕ್ಷೇಪವೂ ಇಲ್ಲ. ಒಂದು ಸುಳ್ಳೂ ಇಲ್ಲ ದೊಡ್ಡಮ್ಮ. ಗಿಲಾಂಗ್ ಕಂಡದ್ದನ್ನೇ ಬರೆದಿದ್ದಾನೆ. ನೀರಿನಲ್ಲಿರುವ ಊರುಗಳಿಗಾಗಿ ಗೋಡೆಯನ್ನು ಹೊರಕ್ಕೆ ಬಾಗಿಸಿದ್ದಾರೆ. ಒಣ ಊರುಗಳು ತಮ್ಮ ಪಾಡಿಗೆ ನಿಭಾಯಿಸುತ್ತವೆ ಎಂದು ನೇರವಾಗಿ ಹೆದ್ದಾರಿಯ ಪಕ್ಕ ಒಯ್ದಿದ್ದಾರೆ.

ನಿಮಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಆ ಪುಟವನ್ನು ಮಾರ್ಚಿನಲ್ಲೇ ನಾನು ಓದಿದ್ದೆ. ಓದಿ ನನಗೆ ಹೆಮ್ಮೆಯಾಗಿತ್ತು. ಪಕ್ಕದ ಮೇಜಿನವಳನ್ನು ಕರೆದು ತೋರಿಸಿದ್ದೆ: "ನೋಡು, ಇದು ನಮ್ಮೂರು. ಎಷ್ಟು ಚೊಕ್ಕ ಅಂತ ಬರೆದಿದ್ದಾರೆ!" ಆ ನೀರಿನಲ್ಲಿ ಬೆಳೆದವಳು ನಾನು. ನೀರೆಲ್ಲಿ ಎಂದು ಕೇಳುವುದು ನನಗೂ ತೋಚಲಿಲ್ಲ.

ಮೇಲಿನವರ ಕಾಲು ಹಿಡಿದಿದ್ದೇನೆ. ಇನ್ನೊಮ್ಮೆ ಬರಲು ಒಪ್ಪಿದ್ದಾರೆ, ಒಂದೇ ಒಂದು ಸಲ. ದಿನ, ಹೊತ್ತು ನೀವೇ ಹೇಳಿ. ಜೂನಿನಲ್ಲಿ ನೀರು ಅತಿ ಹೆಚ್ಚು ಏರುವ ಮಧ್ಯಾಹ್ನ ಕರೆಯಿರಿ. ಮಣ್ಣು ಬೇಡ, ಹಲಗೆ ಬೇಡ. ಬೂಟು ಒದ್ದೆಯಾಗಲಿ. ನಾನೂ ಬರುತ್ತೇನೆ, ಆದರೆ ಬಾಯಿ ತೆರೆಯಬಾರದು ಎಂಬ ಕರಾರಿನ ಮೇಲೆ. ಅಲ್ಲಿ ನಾನು ನಿಮ್ಮ ಮಗಳಲ್ಲ. ನನ್ನನ್ನು ಮಾತನಾಡಿಸಬೇಡಿ.

ನಫೀಸಾ


ಪಂಡಾನ್
೧೮ ಮೇ ೨೦೧೪

ನಫೀಸಾ ಮಗಳೇ,

ನಿನ್ನ ಕಾಗದವನ್ನು ಮಸೀದಿಯ ಜಗಲಿಯಲ್ಲಿ ಎಲ್ಲರೆದುರು ಓದಿದೆ. ನೀನು ಹೆಮ್ಮೆಪಟ್ಟ ಸಾಲುಗಳನ್ನೂ ಬಿಡದೆ ಓದಿದೆ. ಯಾರೂ ನಿನ್ನನ್ನು ಬೈಯಲಿಲ್ಲ. ನಿನ್ನ ಜಾಗದಲ್ಲಿ ನಾವಿದ್ದರೂ ಹಾಗೇ ತೋರಿಸಿಕೊಂಡು ಓಡಾಡುತ್ತಿದ್ದೆವು.

ಬೈದಾಟ ಶುರುವಾದದ್ದು ಆಮೇಲೆ. ಪ್ರಾರ್ಥನೆ ನಡೆಸುವ ಹಿರಿಯರು ಮುಸ್ತಾಮಿರ್ ಎದ್ದು ನಿಂತರು. "ಕರೆದು ಬರಮಾಡಿಕೊಂಡ ಅತಿಥೀನ ನೀರಿಗಿಳ್ಸಿ ನೋಡ್ತಾ ನಿಲ್ಲೋದು ನನ್ನಿಂದಾಗಲ್ಲ. ನಾಳೆ ದೇವರ ಮುಂದೆ ಯಾವ ಮುಖ ತೋರ್ಸೋದು?"

ಕರೊಮಾ ಮೂಲೆಯಿಂದ ಕೂಗಿದಳು: "ನನ್ನ ಹಾಸಿಗೆ ತೇಲೋದನ್ನ ಆ ದೇವರು ದಿನಾ ನೋಡ್ತಾನಲ್ಲ ಹಿರೀಕ್ರೇ. ನಿಮ್ಮ ಅತಿಥಿ ಒಂದ್ಸಲ ನೋಡಿದ್ರೆ ಸವೆದು ಹೋಗ್ತಾನಾ?"

"ಹೆಂಗಸರು ಸ್ವಲ್ಪ ಸುಮ್ನಿರಿ."

"ಅವತ್ತೂ ಹಿಂಗೇ ಸುಮ್ನಿರ್ಸಿದ್ರಿ. ತೊಡೆ ಚಿವುಟಿದ್ದು ಇನ್ನೂ ನೀಲಿ ಇದೆ" ಎಂದು ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಪಾಕ್ ರೊಖಿಮ್ ಮಾತ್ರ ಎಲ್ಲರ ಹಿಂದೆ ಕಂಬಕ್ಕೊರಗಿ ಕೂತಿದ್ದರು. ಆ ಬೆಳಗಿನ ಹೊತ್ತು ಗೊತ್ತು ಮಾಡಿದ್ದು ಅವರೇ ಅಲ್ಲವೇ? ಗೂಟ ನೆಟ್ಟ ದಿನದಿಂದ ಅವರಿಗೆ ಊಟ ಸೇರುತ್ತಿಲ್ಲ ಎಂದು ಅವರ ಹೆಂಡತಿ ಹೇಳಿದಳು.

ನಾನು, ನಿನ್ನ ದೊಡ್ಡಪ್ಪ ಗೆಬಾಂಗಿಗೆ ಹೋದೆವು. ಆ ತರ್ನಿ ಅಜ್ಜಿ ಕಟ್ಟೆಯ ಮೇಲೆ ಮೀನು ಸೀಳುತ್ತ ಕೂತಿದ್ದಳು. ನಮ್ಮನ್ನು ನೋಡಿ ಚಾಕು ನಿಲ್ಲಿಸಲೂ ಇಲ್ಲ. "ಏನು ಪಂಡಾನ್‌ನೋರು ಇಷ್ಟು ದೂರ? ಅಧಿಕಾರಿಗಳಿಗೆ ಭಾರಿ ಊಟ ಹಾಕಿದ್ರಂತೆ. ಕೊನೇಗೆ ಊರನ್ನೂ ಬಡಿಸಿಬಿಟ್ರಾ?"

ನಿನ್ನ ದೊಡ್ಡಪ್ಪ ಅವಳು ಸೀಳಿಟ್ಟ ಮೀನುಗಳನ್ನು ಬುಟ್ಟಿಗೆ ಎತ್ತಿಡತೊಡಗಿದರು.

ಅಜ್ಜಿಯೇ ಮೆತ್ತಗಾದಳು. "ಕೂತ್ಕೊಳ್ಳಿ. ಹಾಸಿಗೆ ಹಿಂಡೋದು ನಂಗೇನು ಖುಷೀನಾ? ಮಕ್ಕಳ ವಯಸ್ಸಿನೋರ ಮುಂದೆ ನಮ್ಮ ಉಚ್ಚೆ ವಾಸನೆ ಹಾಸಿಗೆ ತಂದಿಟ್ಟೆ. ಅವರು ಹೋದ ಮೇಲೆ ಬಾಗಿಲು ಹಾಕ್ಕೊಂಡು ಕೂತೆ. ಎರಡು ದಿನ ಯಾರಿಗೂ ಮುಖ ತೋರ್ಸ್ಲಿಲ್ಲ." ಹೊರಡುವಾಗ ಒಂದು ಕಟ್ಟು ಹೂಮೀನು ಕೊಟ್ಟಳು. ಗೆಬಾಂಗ್‌ನವರ ಬಗ್ಗೆ ನಾನು ಆಡಿದ್ದನ್ನೆಲ್ಲ ಆ ಮೀನಿನ ಜೊತೆ ಹೊತ್ತುಕೊಂಡು ಬಂದೆ.

ಕೊನೆಗೆ ಒಪ್ಪಿಗೆಯಾಯಿತು. ಜೂನ್ ಹನ್ನೆರಡು, ಮಧ್ಯಾಹ್ನ. ಮಣ್ಣು ಇಲ್ಲ, ಹಲಗೆ ಇಲ್ಲ, ಒಂದು ಹಾಸಿಗೆಯನ್ನೂ ಯಾರೂ ಸರಿಸುವಂತಿಲ್ಲ. ನಾನು ಒಂದೇ ಹಟ ಹಿಡಿದೆ. ಕಾಫಿ ಕೊಟ್ಟೇ ಕೊಡುತ್ತೇನೆ.

ದೊಡ್ಡಮ್ಮ
ಜುವರಿಯಾ


ಪಂಡಾನ್
೧೫ ಜೂನ್ ೨೦೧೪

ನಫೀಸಾ,

ಊರಿಗೆ ಬಂದೆ, ಮನೆಯ ಮೆಟ್ಟಿಲಲ್ಲಿ ಕೂತೆ, ನನ್ನ ಕೈಯಿಂದ ಕಾಫಿ ತೆಗೆದುಕೊಂಡು "ಥ್ಯಾಂಕ್ಸ್ ಬು" ಅಂದೆ. ಸಾಕಿದವಳಿಗೆ "ಬು" ಅಂದರೆ ಹೇಗಿರುತ್ತದೆ ಗೊತ್ತೇ? ಯಾವ ಹಿರಿ ಹೆಂಗಸಿಗೂ ಕಂಡವರೆಲ್ಲ ಬು ಎನ್ನುತ್ತಾರೆ. ಕರಾರು ನೆನಪಿತ್ತು, ಸುಮ್ಮನಿದ್ದೆ. ನೀನು ತೆಳ್ಳಗಾಗಿದ್ದೀಯ.

ನೀನು ನೋಡದಿದ್ದನ್ನು ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಾರು ಹೆದ್ದಾರಿಯಲ್ಲಿ ನಿಂತಾಗ ದಾರಿಯ ಮೇಲೆ ಮೊಣಕಾಲಿನ ತನಕ ನೀರು. ಗಂಡಸರೆಲ್ಲ ಕೈ ಕಟ್ಟಿ ಮಸೀದಿಯ ಬಳಿ ನಿಂತಿದ್ದರು. ಅತಿಥಿಗಳು ಬರುತ್ತಿದ್ದರೂ ಎದುರುಗೊಳ್ಳಲು ಯಾರೂ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಹೋಗಬಾರದೆಂದು ಮಾತಾಗಿತ್ತು. ಪಾಕ್ ರೊಖಿಮ್ ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ನಿನ್ನ ದೊಡ್ಡಪ್ಪ ಎಲ್ಲಿಂದಲೋ ಒಂದು ಹಲಗೆ ತಂದು ನೀರಿನ ಮೇಲೆ ಹಾಕಿಬಿಟ್ಟರು! ಕರೊಮಾ "ಅಯ್ಯೋ ಮುದುಕಪ್ಪಾ!" ಎಂದು ಹಲ್ಲು ಕಡಿದಳು. ಅವರು ಎಂಜಿನಿಯರನ್ನು ನೋಡಿರಲೇ ಇಲ್ಲ ಮಗಳೇ. ಅವರಿಗೆ ಕಂಡದ್ದು ನಿನ್ನ ಹೊಸ ಬೂಟು.

ನೀನು ಹಲಗೆಯ ಮೇಲೆ ಒಂದು ಕಾಲಿಟ್ಟೆ. ಎಲ್ಲ ಮುಗಿಯಿತು, ಮತ್ತೆ ಒಣ ಊರೇ ಆಯಿತು ಅಂದುಕೊಂಡೆ. ಆಮೇಲೆ ನೀನು ದೊಡ್ಡಪ್ಪನ ಮುಖ ನೋಡಿದೆ. ನೋಡುತ್ತಲೇ ಪಕ್ಕಕ್ಕೆ ಕಾಲು ತೆಗೆದು ನೀರಿಗಿಳಿದೆ.

ಆ ಸದ್ದು ಮಸೀದಿಯ ತನಕ ಕೇಳಿಸಿತು. ನಿನ್ನ ಹಿಂದೆ ಪಾಕ್ ಹೆರ್ಲಾಂಬಾಂಗ್ ಹಲಗೆಯ ಮುಂದೆ ನಿಂತಿದ್ದರು. ಹಲಗೆಯನ್ನು ನೋಡಿದರು, ನಿನ್ನನ್ನು ನೋಡಿದರು. ಹೊಳೆಯುವ ಬೂಟಿನ ಸಮೇತ ಅವರೂ ಇಳಿದರು. ಹಲಗೆ ತಾನೇ ತೇಲಿಕೊಂಡು ಹೋಯಿತು.

ಮುಂದಿನದನ್ನು ನೀನೂ ನೋಡಿದೆ. ಆದರೆ ನಿನಗೆ ಅದು ಹೊಸದಲ್ಲ, ಅವರ ಮುಖ ನೋಡಿದವಳು ನಾನು. ಕರೊಮಾ ಮಂಚದ ಮೇಲೆ ಕೂತು, ಕೆಳಗೆ ಮೀನು ಓಡಾಡುತ್ತಿದ್ದರೂ ತರಕಾರಿ ಹೆಚ್ಚುತ್ತಲೇ "ಬನ್ನಿ ಬನ್ನಿ, ಕೂರೋಕೆ ಮಾತ್ರ ಜಾಗ ಇಲ್ಲ" ಅಂದಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸ್ಮಶಾನದಲ್ಲಿ ಗೋರಿಕಲ್ಲುಗಳ ತುದಿ ಮಾತ್ರ ಕಾಣುತ್ತಿದ್ದ ಕಡೆ ಟೋಪಿ ತೆಗೆದು ನಿಂತರು. "ಹೋದ ಸಲ ಇದೆಲ್ಲ ಎಲ್ಲಿತ್ತು?" ಎಂದು ಮೆಲ್ಲಗೆ ಕೇಳಿದರು.

ಮುಸ್ತಾಮಿರ್ ಹಿರಿಯರೇ ಉತ್ತರ ಕೊಟ್ಟರು: "ಇಲ್ಲೇ ಇತ್ತು ಸ್ವಾಮಿ. ನಿಮಗೆ ಬೇಜಾರಾಗ್ಬಾರ್ದು ಅಂತ ತೋರಿಸಿರ್ಲಿಲ್ಲ."

ನಮ್ಮನೆಗೆ ಬಂದಾಗ ನೀರು ಹೊಸ್ತಿಲಿನಷ್ಟೇ ಇತ್ತು. ಎಂಜಿನಿಯರ್ ಒಳಗೆ ಬಗ್ಗಿ ಬಂದು, ಮೂಲೆ ಮೂಲೆಗೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದರು. "ಬು ಜುವರಿಯಾ, ಈ ನೆಲ ತುಂಬ ಗಟ್ಟಿಯಾಗಿದೆ" ಅಂದರು. "ಮೂರು ಸಲ ಎತ್ತಿದ್ದು ಸ್ವಾಮಿ. ಪ್ರತಿ ಸಲ ನಾನೇ ತುಳಿದು ಕೂರ್ಸಿದ್ದು. ಈ ತೀರದಲ್ಲೇ ಇಂಥ ನೆಲ ಸಿಗಲ್ಲ" ಎಂದು ಹೇಳಿಕೊಂಡೆ. ನೀನು ಆಗ ತಲೆಯೆತ್ತಿ ಅವರನ್ನು ನೋಡಿದೆ. ಯಾಕೆ ನೋಡಿದೆ?

ಅವರ ಬೂಟಿನ ನೀರು ಚೆಲ್ಲಿ ಮೆಟ್ಟಿಲಲ್ಲಿ ಒಣಗಲಿಟ್ಟೆ. ಒದ್ದೆ ಬೂಟಿನಲ್ಲೇ ವಾಪಸು ಹೋದರು. ನನಗಂತೂ ಎರಡು ದಿನ ಊಟ ಸೇರಲಿಲ್ಲ. ತರ್ನಿ ಅಜ್ಜಿ ನೆನಪಾದಳು.

ಉಪವಾಸದ ತಿಂಗಳು ಹತ್ತಿರ ಬಂತು. ಬೆಳಗಾಗುವ ಮೊದಲಿನ ಊಟ ತಪ್ಪಿಸಬೇಡ.

ನಿನ್ನ ದೊಡ್ಡಮ್ಮ (ಬು ಅಲ್ಲ)


ಜಕಾರ್ತಾ
೩ ಸೆಪ್ಟೆಂಬರ್ ೨೦೧೪

ದೊಡ್ಡಮ್ಮ,

ತೀರ್ಮಾನವಾಯಿತು. ಗೋಡೆಯನ್ನು ಬಾಗಿಸುತ್ತಾರೆ. ಕರೊಮಾ ಚಿಕ್ಕಮ್ಮನ ಮನೆ, ಮಸೀದಿ, ಅಮ್ಮನ ಗೋರಿ, ಎಲ್ಲ ಒಳಗೆ. ಊರು ಉಳಿಯಿತು. ಪಾಕ್ ರೊಖಿಮ್ ಅವರಿಗೆ ಹೇಳಿ, ಊಟ ಮಾಡಲಿ.

ಕರೊಮಾ ಚಿಕ್ಕಮ್ಮನ ಮನೆಯ ಹಿಂದಿನ ಎರಡು ಕೋಣೆ ಇನ್ನೂ ಖಾಲಿ ಇವೆಯೇ? ಅವುಗಳ ಮಾಡು ಸರಿಯಿದೆಯೇ? ಸುಮ್ಮನೆ ಕೇಳಿದೆ.

ದೊಡ್ಡಪ್ಪನಿಗೆ ಆಗಾಗ ಎದೆ ಹಿಡಿದ ಹಾಗಾಗುತ್ತದೆ ಎಂದು ಹಿಂದೆ ಫೋನಿನಲ್ಲಿ ಹೇಳಿದ್ದಿರಿ. ಈಗ ಹೇಗಿದ್ದಾರೆ? ಅವರನ್ನು ಒಬ್ಬರೇ ಬಿಡಬೇಡಿ.

ಇನ್ನೂ ಬರೆಯಬೇಕು ಅಂದುಕೊಂಡು ಕೂತಿದ್ದೆ. ಇಷ್ಟೇ ಆಯಿತು.

ನಿಮ್ಮ
ನಫೀಸಾ


ಪಂಡಾನ್
೨೧ ಸೆಪ್ಟೆಂಬರ್ ೨೦೧೪

ನಫೀಸಾ ಮಗಳೇ,

ನಿನ್ನ ಕಾಗದ ಬಂದ ದಿನ ಊರಿನಲ್ಲಿ ಹಬ್ಬ. ಪಾಕ್ ರೊಖಿಮ್ ನನ್ನ ಅಡುಗೆಮನೆಯಲ್ಲೇ ಕೂತು ಮೂರು ತಟ್ಟೆ ಅನ್ನ ಉಂಡರು. ಕರೊಮಾಳ ಕೋಣೆಯ ಮಾತು ಯಾಕೆ ಬಂತೆಂದು ಒಂದು ಗಳಿಗೆ ಅನಿಸಿತು. ನೀನು ಮದುವೆ ಮಾಡಿಕೊಂಡು ಗಿಲಾಂಗ್ ಜೊತೆ ಊರಿಗೆ ಬರುತ್ತೀಯೇನೋ ಎಂದು ನಿನ್ನ ದೊಡ್ಡಪ್ಪ ಲೆಕ್ಕ ಹಾಕಿದರು.

ಮೂರು ದಿನದ ಹಿಂದೆ ಅದೇ ಮೂವರು ಗೂಟ ಹೊತ್ತು ಬಂದರು. ಈ ಸಲ ಸಮುದ್ರದ ಕಡೆಯಿಂದ. ಚಹಾ ತೆಗೆದುಕೊಂಡು ಹೋದೆ, ಆದರೆ ಲೋಟ ಕೊಡಲಿಲ್ಲ.

"ಮೊದ್ಲು ಹೇಳು. ಊರು ಒಳಗೋ, ಹೊರಗೋ?"

"ಒಳಗೆ ಅಮ್ಮಾ, ಪೂರ್ತಿ ಒಳಗೆ" ಎಂದು ನಕ್ಕ. ಲೋಟ ಕೊಟ್ಟೆ. ಅವನು ಕುಡಿಯಲಿಲ್ಲ. ಒಂದು ಗೂಟವನ್ನು ನಮ್ಮ ಒಲೆಯ ಮನೆಯ ಹಿಂದೆ ನೆಟ್ಟರು. ಇನ್ನೊಂದನ್ನು ಹಿಡಿದುಕೊಂಡು ನಮ್ಮ ಮುಂಬಾಗಿಲ ಎದುರು ಬಂದು ನಿಂತರು.

"ಇಲ್ಲಿ ಯಾಕೆ?"

"ಅಮ್ಮಾ..." ಎಂದು ಅವನು ಲೋಟವನ್ನೇ ನೋಡಿದ. ಆ ನೋಟ ನನಗೆ ಗೊತ್ತಿತ್ತು.

"ನನ್ನ ಮನೆ ಹೊರಗಾ?"

"ಹೊರಗಲ್ಲ."

"ಮತ್ತೆ ಒಳಗಲ್ವಾ?"

"ಒಳಗೂ ಅಲ್ಲಮ್ಮಾ. ಗೋಡೆ ಇಲ್ಲೇ ಬರೋದು. ಈ ಕಡೆ ಎಲ್ಲಾ ಕೆಸರು, ಅಡಿಪಾಯ ನಿಲ್ಲೋ ನೆಲ ಇದೊಂದೇ ಅಂತೆ."

ಹಿಮ್ಮಡಿಯಿಂದ ಗುದ್ದಿ ನೋಡಿದ ನೆಲ. ನಾನು ಹೊಗಳಿಕೊಂಡ ನೆಲ. ನೀನು ತಲೆಯೆತ್ತಿ ಅವರನ್ನು ಯಾಕೆ ನೋಡಿದೆ ಎಂದು ಈಗ ಗೊತ್ತಾಯಿತು. ಕರೊಮಾಳ ಖಾಲಿ ಕೋಣೆ ಯಾಕೆ ಬೇಕಿತ್ತು ಎಂದೂ ಗೊತ್ತಾಯಿತು. ನೀನು ಬರೆಯದೆ ಬಿಟ್ಟ ಸಾಲನ್ನು ಅವನು ಒಂದು ಗೂಟದಲ್ಲಿ ಬರೆದುಹೋದ.

ಟ್ರೇ ಕೈಯಲ್ಲೇ ಇತ್ತು. ಎಷ್ಟೋ ಹೊತ್ತು ಹಾಗೇ ನಿಂತಿದ್ದೆನಂತೆ. ಕರೊಮಾ ಬಂದು ಬೆರಳು ಬಿಡಿಸಿ ಅದನ್ನು ತೆಗೆದುಕೊಂಡಳು. ಆಮೇಲೆ ತನ್ನ ಮನೆಯ ಹಿಂದಿನ ಕೋಣೆ ಗುಡಿಸಲು ಹೋದಳು. ನಿನ್ನ ದೊಡ್ಡಪ್ಪ ಬಾಗಿಲ ಮುಂದಿನ ಗೂಟವನ್ನು ಸವರಿ, "ಬಾಗಿಲು ಸಣ್ಣದು ಅಂತಿದ್ಯಲ್ಲೇ. ಇನ್ನು ಆ ಗೊಡವೇನೇ ಇಲ್ಲ" ಅಂದರು. ಎದೆ ಹಿಡಿದಿಲ್ಲ, ಹೆದರಬೇಡ. ಆದರೆ ಅಲ್ಲಿಂದ ಈಚೆಗೆ ಅವರು ಮನೆಯೊಳಗೆ ಕೂರುತ್ತಿಲ್ಲ. ದೋಣಿಯಲ್ಲಿ ಹೋಗಿ ಕೂರುತ್ತಾರೆ.

ಪಾಕ್ ರೊಖಿಮ್ ಬಂದು, "ಬೇಡ ಅನ್ನು ಜುವರಿಯಾ, ನಾವೆಲ್ಲ ನಿನ್ನ ಹಿಂದೆ ನಿಲ್ತೀವಿ" ಅಂದರು. ನಿಲ್ಲುತ್ತಾರೆ, ಗೊತ್ತು. ಎಲ್ಲಿ ನಿಲ್ಲುತ್ತಾರೆ? ನೀರಿನಲ್ಲಿ. ನಾನು ಬೇಡ ಅನ್ನುವುದಿಲ್ಲ. ನಿನ್ನಮ್ಮನ ಗೋರಿ ಒಳಗಿದೆ.

ಆದರೆ ಒಂದು ಕೇಳು. ನನಗೆ ಸಂತೋಷವೇ, ಹೇಗೋ ನಡೆಯುತ್ತದೆ, ಅಭ್ಯಾಸವಾಗುತ್ತದೆ ಎಂದು ಬರೆಯಲು ಕೂತಿದ್ದೆ. ನಿನ್ನೆ ರಾತ್ರಿಯ ಆ ಕಾಗದವನ್ನು ಒಲೆಗೆ ಹಾಕಿದೆ. ಹಾಗೆ ಹೇಳಿಯೇ ಅಲ್ಲವೇ ನಾವು ಊರನ್ನು ಕಳೆದುಕೊಳ್ಳಲು ಹೊರಟದ್ದು? ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನಗೆ ಅಭ್ಯಾಸವಾಗುವುದಿಲ್ಲ. ನನ್ನ ಎದೆ ಒಡೆದಿದೆ. ನಿನ್ನ ಕಚೇರಿಯವರು ನನ್ನ ಅಭಿಪ್ರಾಯ ಕೇಳಿದರೆ ಇದನ್ನೇ ಬರೆದುಕೊಳ್ಳಲಿ, ಒಂದು ಅಕ್ಷರವನ್ನೂ ಮೃದು ಮಾಡದೆ.

ನೀನು ಅದನ್ನು ಬರೆಯಲಾರದೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನೀನೂ ಪಂಡಾನ್‌ನವಳೇ.

ನವೆಂಬರಿನಲ್ಲಿ ಮನೆ ಬಿಚ್ಚುತ್ತೇವೆ. ಅದಕ್ಕೆ ಮೊದಲು ಒಂದು ಊಟ ಹಾಕುತ್ತೇನೆ. ಗೆಬಾಂಗಿನ ತರ್ನಿ ಅಜ್ಜಿಯನ್ನೂ ಕರೆದಿದ್ದೇನೆ. ಗಿಲಾಂಗ್, ಪಾಕ್ ಹೆರ್ಲಾಂಬಾಂಗ್ ಇಬ್ಬರೂ ಬರಬೇಕೆಂದು ಹೇಳು. ದಿನವನ್ನು ತಿಳಿಸುತ್ತೇನೆ. ನೀರು ಪೂರ್ತಿ ಇಳಿದಿರುವ ಹೊತ್ತಿಗೇ ಕರೆಯುತ್ತೇನೆ, ದಾರಿಗೆ ಮಣ್ಣು ಹಾಕಿಸುತ್ತೇನೆ, ಎಂಜಿನಿಯರ ಬೂಟು ಹೊಳೆಯುತ್ತ ಬಂದು ಹೊಳೆಯುತ್ತ ಹೋಗಬೇಕು. ಈ ಸಲ ಅವರು ನೋಡಲು ಬರುತ್ತಿಲ್ಲ, ಉಣ್ಣಲು ಬರುತ್ತಿದ್ದಾರೆ.

ಬಾಗಿಲಲ್ಲಿ ತಲೆ ಬಗ್ಗಿಸಲು ಮಾತ್ರ ಹೇಳು.

ನಿನ್ನ ದೊಡ್ಡಮ್ಮ
ಜುವರಿಯಾ